ಹಾಸನ–ಅರಸೀಕೆರೆ: ವಾರಕ್ಕೆ ಮೂರು ದಿನದ ಓಡಾಟಕ್ಕೆ ರೈಲ್ವೆ ಪಾಸು ಮಾಡಿಸಬೇಕೇ?

ಪ್ರಶ್ನೆ (ಹಾಸನದ ಲೆಕ್ಕಿಗ):
ಅರಸೀಕೆರೆಯ ಕೊಬ್ಬರಿ ಮಂಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸವನ್ನು ಒಪ್ಪಿಕೊಂಡಿದ್ದು, ಮುಂದಿನ ತಿಂಗಳಿನಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ಹೋಗಿ ಸಂಜೆ ಹಿಂದಿರುಗಬೇಕಾಗಿದೆ. ದೂರ ಐವತ್ತು ಕಿಲೋಮೀಟರಿನೊಳಗೇ ಇರುವುದರಿಂದ ದಿನದ ಟಿಕೆಟ್ಟೇನೂ ಭಾರವಲ್ಲ. ಹೀಗಿರುವಾಗ ಸೀಸನ್ ಪಾಸು ಮಾಡಿಸಿದರೆ ನಿಜಕ್ಕೂ ಉಳಿತಾಯವಾಗುವುದೇ? ಮನೆಯವರೂ ಆಗಾಗ ಅದೇ ದಾರಿಯಲ್ಲಿ ತವರಿಗೆ ಹೋಗುತ್ತಾರೆ. ನಾನು ಹೋಗದ ದಿನ ಅದೇ ಪಾಸನ್ನು ಅವರು ಬಳಸಬಹುದೇ?

ಉತ್ತರ (ನಿವೃತ್ತ ಬುಕಿಂಗ್ ಗುಮಾಸ್ತ):
ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬಳಸುವಂತಿಲ್ಲ. ಪಾಸು ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಸಲ್ಲುತ್ತದೆ, ಜೊತೆಯಲ್ಲಿ ಗುರುತಿನ ಚೀಟಿಯೂ ಇರಬೇಕು.

ಎರಡನೇ ದರ್ಜೆಯ ತಿಂಗಳ ಪಾಸಿನ ದರ ಸ್ಥೂಲವಾಗಿ ಒಂದು ಬದಿಯ 15 ಪ್ರಯಾಣಗಳ ದರಕ್ಕೆ ಸಮ. ಆದ್ದರಿಂದ ತಿಂಗಳಿಗೆ 8 ದಿನ ಹೋಗಿ ಬಂದರೆ ಹಾಕಿದ ಹಣ ಹುಟ್ಟುತ್ತದೆ. ನಿಮಗೆ ಸುಮಾರು 12 ದಿನಗಳ ಓಡಾಟವಿರುವುದರಿಂದ ನಡುವೆ ಹಬ್ಬವೋ ರಜೆಯೋ ಬಂದರೂ ನಷ್ಟವಾಗದು. ಮೂರು ತಿಂಗಳ ಪಾಸಿಗೆ ತಿಂಗಳ ದರದ 2.7 ಪಟ್ಟು ಕೊಡಬೇಕಾಗುತ್ತದೆ. ಕೆಲಸ ಹೊಸದಾದ್ದರಿಂದ ಸದ್ಯಕ್ಕೆ ಅದರ ಆಸೆ ಬೇಡ, ಏಕೆಂದರೆ ಬಳಸದೆ ಉಳಿದ ದಿನಗಳಿಗೆ ಹಣ ಮರಳುವುದಿಲ್ಲ. ಈ ಪಾಸು ಜನರಲ್ ಬೋಗಿಗೆ ಮಾತ್ರ. ಆಸನ ಖಾಲಿ ಇದೆಯೆಂದು ಸ್ಲೀಪರ್ ಬೋಗಿ ಹತ್ತಿದರೆ ದಂಡ ತೆರಬೇಕಾದೀತು. ಸೂಪರ್‌ಫಾಸ್ಟ್ ರೈಲಿಗೆ ಪ್ರತ್ಯೇಕ ಹೆಚ್ಚುವರಿ ಶುಲ್ಕವಿದೆ. ಸರದಿಯಲ್ಲಿ ನಿಲ್ಲುವುದು ತಪ್ಪುತ್ತದೆಂಬುದನ್ನೂ ಲಾಭವೆಂದೇ ಎಣಿಸಿ. ಹಾಸನಾಂಬ ದರ್ಶನದ ದಿನಗಳಲ್ಲಿ ಅದರ ಬೆಲೆ ತಿಳಿಯುತ್ತದೆ.

ಉತ್ತರ (ಚಿಕ್ಕಮಗಳೂರಿನ ಓದುಗ):
ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಎರಡೂ ಹೊತ್ತು ರೈಲಿನಲ್ಲೇ ಪ್ರಯಾಣಿಸುತ್ತೀರಿ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಮಂಡಿಯ ಕೆಲಸ ಗಡಿಯಾರ ನೋಡಿ ಮುಗಿಯುವಂಥದ್ದಲ್ಲ. ಸಂಜೆಯ ರೈಲು ತಪ್ಪಿ ಬಸ್ಸಿನಲ್ಲೇ ಮರಳುವುದು ರೂಢಿಯಾದರೆ ತಿಂಗಳಿಗೆ ಒಂದು ಬದಿಯ 12 ಪ್ರಯಾಣಗಳಷ್ಟೇ ಉಳಿಯುತ್ತವೆ, ಅಲ್ಲಿಗೆ ಪಾಸು ನಷ್ಟದ ಬಾಬತ್ತು. 2013ರಲ್ಲಿ ಕಡೂರಿನಿಂದ ನಮ್ಮೂರಿಗೆ ರೈಲು ಬಂದಾಗ ಪಾಸಿನ ಮಾತು ಇಲ್ಲಿಯೂ ಬಹಳ ನಡೆಯಿತು; ಆದರೆ ದಿನಕ್ಕೆ ಕೆಲವೇ ರೈಲುಗಳಿರುವ ಮಾರ್ಗದಲ್ಲಿ ಪಾಸಿನ ದರಕ್ಕಿಂತ ವೇಳಾಪಟ್ಟಿಯೇ ಮುಖ್ಯ. ಮಂಡಿಯವರು ನಿಮ್ಮನ್ನು ಎಷ್ಟು ಹೊತ್ತಿಗೆ ಬಿಡುತ್ತಾರೆಂದು ಕೇಳಿಕೊಂಡ ಮೇಲೆಯೇ ಪಾಸಿನ ವಿಚಾರ ತೀರ್ಮಾನಿಸಿ.

ಉತ್ತರ (ಅರಸೀಕೆರೆಯ ಗೃಹಿಣಿ):
ನಿಮ್ಮ ಮನೆಯವರಿಗೆ ಪಾಸಿನ ಅಗತ್ಯವೇ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು. ನಾನಂತೂ ಚಿಕ್ಕ ಮಕ್ಕಳು ಜೊತೆಗಿರುವಾಗ ಮಾತ್ರ ಟಿಕೆಟ್ ಕೊಂಡು ರೈಲು ಹತ್ತುತ್ತೇನೆ.