ಸೆಟಪ್-ಆರ್ಚ್ ಹಂತದಾಗೇ ಯುಎಆರ್‌ಟಿ ಬೇಕು, ಐಓರೀಮ್ಯಾಪ್ ನಲ್ ಕೊಡ್ತದ

ಪ್ರಶ್ನೆ, ಕಲಬುರಗಿ:
ನಮಸ್ಕಾರ್ರಿ. ರಾಸ್ಪ್‌ಬೆರಿ ಪೈ 4, 64-ಬಿಟ್ ಲಿನಕ್ಸ್. ಲ್ಯಾಬ್ ಪ್ರಾಜೆಕ್ಟಿಗೆ ಬೂಟ್ ಶುರುವಿನಾಗೇ, ಸೆಟಪ್-ಆರ್ಚ್ ಅನ್ನೋ ಕರ್ನಲ್ ಫಂಕ್ಷನ್ ನಡೆಯೋವಾಗ, ಮಿನಿ ಯುಎಆರ್‌ಟಿಗೆ (ಸೀರಿಯಲ್ ಪೋರ್ಟಿಗೆ) ಅಕ್ಷರ ಕಳಿಸಬೇಕು. ರಿಜಿಸ್ಟರ್ ವಿಳಾಸ ಹೆಕ್ಸ್‌ನಾಗ ಎಫ್‌ಇ215040. ಫಿಸಿಕಲ್ ವಿಳಾಸಕ್ಕ ವರ್ಚುವಲ್ ವಿಳಾಸ ಜೋಡಿಸೋ ಐಓರೀಮ್ಯಾಪ್ ನಲ್ (ಖಾಲಿ ವಿಳಾಸ) ಕೊಡ್ತದ, ಯಾಕ ಆಗಲ್ಲ? ಬೇರೆ ದಾರಿ ಏನದ?

ಉತ್ತರ, ಬೀದರ್:
ಐಓರೀಮ್ಯಾಪ್‌ಗೆ ವಿಎಂಅಲೊಕ್ ಜಾಗ (ಕರ್ನಲ್‌ನ ವರ್ಚುವಲ್ ವಿಳಾಸಗಳ ಒಂದು ಭಾಗ) ಬೇಕು, ಪೇಜ್ ಟೇಬಲ್‌ಗೆ (ಯಾವ ವರ್ಚುವಲ್ ವಿಳಾಸ ಯಾವ ಫಿಸಿಕಲ್ ಪೇಜ್ ಅಂತ ಹೇಳೋ ಪಟ್ಟಿಗೆ) ಮೆಮೊರಿ ಬೇಕು. ಆಗಿನ್ನೂ ಸ್ಲ್ಯಾಬ್ (ಕರ್ನಲ್‌ಗೆ ಮೆಮೊರಿ ಹಂಚೋ ವ್ಯವಸ್ಥೆ) ಎದ್ದಿರಲ್ಲ. ಫಿಕ್ಸ್‌ಮ್ಯಾಪ್ (ಮೊದಲೇ ಕಾದಿರಿಸಿದ ವರ್ಚುವಲ್ ವಿಳಾಸಗಳು) ಬಳಸ್ರಿ. ಅದರ ವರ್ಚುವಲ್ ವಿಳಾಸ ಕಂಪೈಲ್ ಆಗೋವಾಗಲೇ ಗೊತ್ತಾಗಿರ್ತದ, ಪೇಜ್ ಟೇಬಲ್ ಕರ್ನಲ್ ಇಮೇಜಿನೊಳಗೇ ಇರ್ತದ. ಎಂಟ್ರಿಯೊಳಗ ಫಿಸಿಕಲ್ ಪೇಜ್ ತುಂಬಿದರ ಸಾಕು.

ಅರ್ಲಿ-ಫಿಕ್ಸ್‌ಮ್ಯಾಪ್-ಇನಿಟ್ ಆದಮ್ಯಾಲೆ ಸೆಟ್-ಫಿಕ್ಸ್‌ಮ್ಯಾಪ್-ಐಓಗೆ ಎಫ್‌ಇ215000 (ಆ ಪೇಜಿನ ಶುರು) ಕೊಡ್ರಿ. ಫಿಕ್ಸ್-ಟು-ವರ್ಟ್ ಕೊಟ್ಟ ವಿಳಾಸಕ್ಕ ಹೆಕ್ಸ್ 40 ಕೂಡಿಸಲೇಬೇಕು. ಮ್ಯಾಪ್ ಆಗೋದು ಇಡೀ ಪೇಜ್. 40 ಬಿಟ್ಟರ ನಿಮ್ಮ ಅಕ್ಷರ ಇಂಟರಪ್ಟ್ ಸ್ಥಿತಿಯ ರಿಜಿಸ್ಟರ್‌ಗೆ ಹೋಗ್ತದ. ಪ್ಯಾನಿಕ್ (ಕರ್ನಲ್ ಕುಸಿತ) ಬರಲ್ಲ, ಪರದೆ ಮ್ಯಾಲೂ ಏನೂ ಬರಲ್ಲ. ಇದೇ ಹುಡುಕಲಿಕ್ಕೆ ಭಾಳ ಕಷ್ಟ.

ಕೊನೆಗಿನ "ಐಓ" ಬಿಡಬ್ಯಾಡ್ರಿ. ಸಾದಾ ಸೆಟ್-ಫಿಕ್ಸ್‌ಮ್ಯಾಪ್ ಕ್ಯಾಶ್ ಆಗೋ ಮೆಮೊರಿಯಂತೆ ಮ್ಯಾಪ್ ಮಾಡ್ತದ, ಬರೆದದ್ದು ಕ್ಯಾಶ್‌ನಾಗೇ ಉಳೀಬಹುದು.

ಉತ್ತರ, ಯಾದಗಿರಿ:
ಅರ್ಲಿಕಾನ್ (ಬೂಟ್ ಶುರುವಿನ ಸಂದೇಶ ಕಳಿಸೋ ಕನ್ಸೋಲ್) ಆನ್ ಇದ್ದರ ಫಿಕ್ಸ್‌ಮ್ಯಾಪಿನಾಗ ಅದರ ಸ್ಲಾಟ್ (ಎಂಟ್ರಿ) ಮುಟ್ಟಬ್ಯಾಡ್ರಿ, ಅದರ ಮ್ಯಾಪಿಂಗ್ ಕಿತ್ತುಹೋಗ್ತದ. ಫಿಕ್ಸ್‌ಮ್ಯಾಪ್ ಎಂಟ್ರಿಗಳ ಹೆಸರು ಇರೋ ಈನಮ್‌ನಾಗ ಶಾಶ್ವತ ಎಂಟ್ರಿಗಳ ಕೊನೆಯ ಗುರುತಿಗಿಂತ ಮೊದಲು ನಿಮ್ಮದೇ ಒಂದು ಸೇರಿಸ್ರಿ. ಕಾನ್ಫಿಗ್ ಫೈಲಿನಾಗ ಎನೇಬಲ್-ಯುಎಆರ್‌ಟಿ 1 ಅದನೋ ಇಲ್ಲೋ ಅದನ್ನೂ ನೋಡ್ರಿ, ಇಲ್ಲಾಂದ್ರ ಕೋರ್ ಕ್ಲಾಕ್ ಏರಿಳಿದು ಬಾಡ್ ರೇಟ್ (ಸೀರಿಯಲ್ ವೇಗ) ಕೆಡ್ತದ.

ಫರ್ಮ್‌ವೇರ್ ಟೇಬಲ್‌ನಂಥದ್ದು ಒಮ್ಮೆ ಓದಿ ಬಿಡೋದಷ್ಟೇ ಆದರ ತಾತ್ಕಾಲಿಕ ಮ್ಯಾಪಿಂಗ್ ಕೊಡೋ ಅರ್ಲಿ-ಐಓರೀಮ್ಯಾಪ್ ಸಾಕು: ಅದರದೇ ಒಂದು ಸ್ಲಾಟಿಗೆ 256 ಕೆಬಿ, ಆರ್ಮ್64ರಾಗ 7 ಸ್ಲಾಟ್. ಬಿಡೋವಾಗ ಅದೇ ಅಳತೆ ಕೊಡ್ರಿ.