ರಕ್ತ ಕಡಿಮೆ ಇದ್ದರೆ ಎಚ್‌ಬಿಎ1ಸಿ ಜಾಸ್ತಿ ತೋರಿಸುತ್ತಾ?

ಹುಳಮನೆ_ಶಿಡ್ಲಘಟ್ಟ:
ನಮಸ್ಕಾರ. ಅಮ್ಮನಿಗೆ 46 ವರ್ಷ. ನಮ್ಮದು ರೇಷ್ಮೆ ಸಾಕಣೆ. ಹೋದ ಬೆಳೆಯಲ್ಲಿ ಹುಳ ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದಾಗ ಸೊಪ್ಪಿನ ಹೊರೆ ಹೊತ್ತು ಬಂದವಳು ಹುಳಮನೆ ಬಾಗಿಲಲ್ಲೇ ಏದುಸಿರು ಬಿಡುತ್ತಾ ಕುಳಿತುಬಿಟ್ಟಳು. ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8.1. ಖಾಲಿ ಹೊಟ್ಟೆಯ ಸಕ್ಕರೆ 94, ಊಟದ ನಂತರ 128. ಆದರೆ ಮೂರು ತಿಂಗಳ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 6.8. ಅದೊಂದನ್ನು ನೋಡಿ ಕ್ಲಿನಿಕ್‌ನಲ್ಲಿ ಶುಗರ್ ಮಾತ್ರೆ ಬರೆದರು. ರಕ್ತ ಕಡಿಮೆ ಇರುವುದಕ್ಕೆ ಏನೂ ಕೊಡಲಿಲ್ಲ. ಅಮ್ಮ ಹೆದರಿ ಮುದ್ದೆಯನ್ನೇ ಬಿಟ್ಟಿದ್ದಾಳೆ. ಇನ್ನೂ ಸುಸ್ತಾಗಿದ್ದಾಳೆ. ಎರಡು ಟೆಸ್ಟ್ ಚೆನ್ನಾಗಿದ್ದು ಒಂದು ಮಾತ್ರ ಹೀಗೆ ಬರುತ್ತಾ?

ಲ್ಯಾಬ್_ಚಿಂತಾಮಣಿ:
ಬರುತ್ತೆ ತಮ್ಮಾ. 16 ವರ್ಷದಿಂದ ಲ್ಯಾಬ್‌ನಲ್ಲಿದ್ದೇನೆ, ಇಂಥ ರಿಪೋರ್ಟ್ ಕಂಡಾಗಲೆಲ್ಲ ಸಂಕಟ ಆಗುತ್ತೆ.

ಕೆಂಪು ರಕ್ತಕಣದ ಒಳಗೆ ಸಕ್ಕರೆ ಹೋಗಲು ಇನ್ಸುಲಿನ್ ಬೇಕಿಲ್ಲ. ರಕ್ತದಲ್ಲಿ ಎಷ್ಟಿದೆಯೋ ಹಾಗೇ ಒಳಗೆ ನುಗ್ಗುತ್ತೆ, ನಿಧಾನವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತೆ. ಕಣದ ಆಯಸ್ಸು ಸುಮಾರು 120 ದಿನ. ಎಷ್ಟು ಭಾಗಕ್ಕೆ ಅಂಟಿದೆ ಎಂದು ಅಳೆಯುವುದೇ ಈ ಟೆಸ್ಟ್. ಅಂದರೆ ಉತ್ತರದಲ್ಲಿ ಸಕ್ಕರೆಯೂ ಇದೆ, ಕಣದ ವಯಸ್ಸೂ ಇದೆ. ಕಬ್ಬಿಣ ಕಡಿಮೆಯಾದರೆ ಹೊಸ ಕಣ ಹುಟ್ಟುವುದು ಕಡಿಮೆ, ಹಳೇ ಕಣಗಳೇ ಜಾಸ್ತಿ ಉಳಿಯುತ್ತವೆ. ಹಳೆಯದಕ್ಕೆ ಜಾಸ್ತಿ ದಿನ ಸಕ್ಕರೆ ಅಂಟಿರುತ್ತೆ. ಸಕ್ಕರೆ ಏರದೆಯೇ ಅಂಕಿ ಏರುತ್ತೆ.

6.5 ದಾಟಿದರೆ ಮಧುಮೇಹ ಎನ್ನುವುದು ನಿಯಮ, ನಿಜ. ಆದರೆ ಖಾಲಿ ಹೊಟ್ಟೆಯಲ್ಲಿ 126 ದಾಟಬೇಕು ಎಂಬ ನಿಯಮವೂ ಇದೆ. ನಿಮ್ಮ ಅಮ್ಮನದು 94! ಎರಡೂ ಹೊಂದದಿದ್ದರೆ ಇನ್ನೊಮ್ಮೆ ನೋಡಲೇಬೇಕು. ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಎಂದು ತೋರಿಸುವ ಫೆರಿಟಿನ್ ಟೆಸ್ಟ್ ಮಾಡಿಸಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಟೆಸ್ಟ್ ಬಗ್ಗೆ ಡಾಕ್ಟರನ್ನು ಕೇಳಿ. ಮಾತ್ರೆ ಸುಮ್ನೆ ನಿಲ್ಲಿಸಬೇಡಿ, ಫಿಸಿಷಿಯನ್‌ಗೆ ಮೂರೂ ರಿಪೋರ್ಟ್ ಒಟ್ಟಿಗೆ ತೋರಿಸಿ.

ಬಯಾಲಜಿ_ಮೇಡಂ_ಗೌರಿಬಿದನೂರು:
ಉಲ್ಟಾ ಕೂಡ ಆಗುತ್ತೆ. ರಕ್ತ ಹಾಕಿಸಿಕೊಂಡಿದ್ದರೆ, ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದರೆ, ಅಂಕಿ ಸುಳ್ಳಾಗಿ ಇಳಿಯುತ್ತೆ. ನನಗೆ ಇದೇ ಜಾಸ್ತಿ ಭಯ, ಏಕೆಂದರೆ ನಿಜವಾದ ಮಧುಮೇಹವೇ ಮುಚ್ಚಿಹೋಗುತ್ತೆ. 2017ರಲ್ಲಿ ಸುಮಾರು 1.6 ಲಕ್ಷ ಜನರ ಜೀನ್‌ಗಳನ್ನು ನೋಡಿದ ಅಧ್ಯಯನವೊಂದು ಬಂತು. ಎಚ್‌ಬಿಎ1ಸಿಯನ್ನು ಬದಲಿಸುವ 60 ಜೀನ್ ವ್ಯತ್ಯಾಸ ಸಿಕ್ಕವು. ಅದರಲ್ಲಿ ಜಿ6ಪಿಡಿ ಎಂಬ ಜೀನಿನ ಒಂದು ರೂಪ, ಆಫ್ರಿಕಾ ಮೂಲದವರಲ್ಲಿ ಕಾಣುವುದು, ಗಂಡಸರಲ್ಲಿ ಅಂಕಿಯನ್ನು ಸುಮಾರು 0.8 ಇಳಿಸುತ್ತಿತ್ತು. ಆ ಜೀನ್ ಮಾಡುವ ಕಿಣ್ವ ಕಣವನ್ನು ಕಾಯುತ್ತೆ. ಅದು ದುರ್ಬಲವಾದರೆ ಕಣ ಬೇಗ ಸಾಯುತ್ತೆ, ಸಕ್ಕರೆ ಅಂಟಲು ಸಮಯವೇ ಇರಲ್ಲ.

ಇನ್ನೊಂದು, ಅಮ್ಮನಿಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಾ? ಸಂಕೋಚಪಡದೆ ಕೇಳಿ. ಮಗಳು, ಸೊಸೆ ಯಾರಾದರೂ ಕೇಳಲಿ.

ಹುಳಮನೆ_ಶಿಡ್ಲಘಟ್ಟ:
ಅಕ್ಕ ಕೇಳಿದಳು. ಎರಡು ವರ್ಷದಿಂದ ಹಾಗೇ ಇದೆಯಂತೆ, ನಮಗೆ ಹೇಳೇ ಇರಲಿಲ್ಲ. ಫೆರಿಟಿನ್ 6 ಬಂತು. ಗ್ಲೂಕೋಸ್ ಕುಡಿಸಿ ನೋಡಿದ್ದು 118. ಹೊಸ ಡಾಕ್ಟರ್ ಶುಗರ್ ಮಾತ್ರೆ ನಿಲ್ಲಿಸಿ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಸ್ತ್ರೀರೋಗ ತಜ್ಞರ ಹತ್ತಿರವೂ ಕಳಿಸಿದ್ದಾರೆ. ಮಾತ್ರೆ ಜೊತೆ ಟೀ ಬೇಡ ಅಂದರು. ಅಮ್ಮನಿಗೆ ಅದೇ ಕಷ್ಟ.

ಎಚ್‌ಬಿಎ1ಸಿ ಮತ್ತೆ ಯಾವಾಗ ಮಾಡಿಸಲಿ?

ಲ್ಯಾಬ್_ಚಿಂತಾಮಣಿ:
ಈಗಲೇ ಬೇಡ. ಕಬ್ಬಿಣ ಸಿಕ್ಕಿದ ಕೂಡಲೇ ಹೊಸ ಕಣಗಳು ತುಂಬಿಕೊಳ್ಳುತ್ತವೆ, ಆಗ ಅಂಕಿ ತೀರಾ ಕಡಿಮೆ ಬರಬಹುದು. ಹಿಮೋಗ್ಲೋಬಿನ್ ಸರಿಯಾಗಿ ಮೂರು ತಿಂಗಳು ಕಳೆಯಲಿ. ಅಮ್ಮನಿಗೆ ಮುದ್ದೆ ತಿನ್ನಲು ಹೇಳಿ.