ನೈಲ್ ಕಿನ್ನಿಕ್ ಸತ್ತದ್ದು ತಾಲೀಮಿನಲ್ಲಿ, ಅದು ಯುದ್ಧದ ಸಾವಾ?

ಪಿ.ಬಿ. ರೋಡ್ ಹುಡುಗ:
ದಾವಣಗೆರೆಯಲ್ಲಿ ನಮ್ಮ ಕಾಲೇಜಿನ ಕ್ವಿಜ್‌ಗೆ ಓದುವಾಗ ಈ ಹೆಸರು ಸಿಕ್ಕಿತು. ಅಮೆರಿಕದ ಅಯೋವಾ ಯೂನಿವರ್ಸಿಟಿ ಆಟಗಾರ, 1939ರಲ್ಲಿ ಹೈಸ್‌ಮನ್ ಟ್ರೋಫಿ ಗೆದ್ದವನು, ಅಂದರೆ ಆ ವರ್ಷ ಅಲ್ಲಿನ ಕಾಲೇಜು ಫುಟ್‌ಬಾಲ್‌ಗೆ ಅವನೇ ನಂಬರ್ ಒನ್. 1943ರ ಜೂನ್ 2ರಂದು ನೌಕಾಪಡೆಯ ವಿಮಾನ ಹಾರಿಸುವಾಗ ಸತ್ತ. ಬರೀ 24 ವರ್ಷ. ಸಂಜೆ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಗೆಳೆಯನಿಗೆ ಹೇಳಿದರೆ, "ಆಯಿಲ್ ಲೀಕ್ ಆಗಿ ಸಮುದ್ರಕ್ಕೆ ಬಿದ್ದವನು ಯುದ್ಧದಲ್ಲಿ ಸತ್ತ ಅಂತ ಹೆಂಗಂತೀಯ, ಅಲ್ಲಿ ಶತ್ರುನೇ ಇರಲಿಲ್ವಲ್ಲ" ಅಂದ. ನೀವೇನಂತೀರಿ?

ದುರ್ಗದ ಮೇಷ್ಟ್ರು:
ಅವನಿಗೆ ಹಡಗಿನ ಕಥೆ ಪೂರ್ತಿ ಹೇಳಪ್ಪಾ. ಲೆಕ್ಸಿಂಗ್ಟನ್ ಅನ್ನೋ ವಿಮಾನವಾಹಕ ಹಡಗು ಆಗಷ್ಟೇ ಸೇವೆಗೆ ಸೇರಿತ್ತು, ಪೆಸಿಫಿಕ್‌ಗೆ ಹೋಗುವ ಮುಂಚೆ ವೆನೆಜುವೆಲಾ ಹತ್ತಿರದ ಪಾರಿಯಾ ಕೊಲ್ಲಿಯಲ್ಲಿ ತಾಲೀಮು ನಡೆದಿತ್ತು. ಕಿನ್ನಿಕ್ ಹಾರಿಸುತ್ತಿದ್ದ ವೈಲ್ಡ್‌ಕ್ಯಾಟ್ ಅನ್ನೋ ಯುದ್ಧವಿಮಾನದಿಂದ ಆಯಿಲ್ ಸೋರಿತು. ಡೆಕ್ ಮೇಲೆ ನೋಡಿದರೆ ಹಾರೋಕೆ ರೆಡಿಯಾಗಿ ನಿಂತ ವಿಮಾನಗಳು, ಅಲ್ಲಿಗೆ ತಂದು ಇಳಿಸಿದರೆ ಉಳಿದವರ ಜೀವಕ್ಕೂ ಕುತ್ತು. ನೀರಿನ ಮೇಲೇ ಇಳಿಸಿದ. ದೋಣಿ ಬರುವಷ್ಟರಲ್ಲಿ ಆಯಿಲ್ ಮಾತ್ರ ತೇಲುತ್ತಿತ್ತು. ದೇಹ ಸಿಗಲೇ ಇಲ್ಲ. ತಾಲೀಮಿಲ್ಲದೆ ಯಾವ ಪೈಲಟ್ ಯುದ್ಧಕ್ಕೆ ಹೋಗುತ್ತಾನೆ?

ಬೆಣ್ಣೆದೋಸೆ ಭಕ್ತ:
ಆಟದ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ! ಇದು ನಮ್ಮ ಹೈಸ್ಕೂಲ್ ಮೈದಾನದ ಫುಟ್‌ಬಾಲ್ ಅಲ್ಲ, ಮೊಟ್ಟೆ ಆಕಾರದ ಚೆಂಡು ಹಿಡಿದು ಓಡೋದು. ಆಳೂ ದೈತ್ಯ ಅಲ್ಲ, 5 ಅಡಿ 8 ಇಂಚು. 1938ರಲ್ಲಿ ಅಯೋವಾ ಗೆದ್ದದ್ದು ಒಂದೇ ಮ್ಯಾಚ್. ಮರುವರ್ಷ ಅದೇ ಟೀಮ್, ಅಲ್ಲಿವರೆಗೂ ಸೋಲದಿದ್ದ ನಾಟರ್ ಡೇಮ್ ಯೂನಿವರ್ಸಿಟಿ ಟೀಮನ್ನ 7-6ರಲ್ಲಿ ಸೋಲಿಸಿತು, ಏಳೂ ಪಾಯಿಂಟ್ ಇವನದೇ. ಚೆಂಡನ್ನು ಕೈಯಿಂದ ಬಿಟ್ಟು, ನೆಲಕ್ಕೆ ತಾಗಿ ಪುಟಿಯುತ್ತಿದ್ದ ಹಾಗೇ ಒದ್ದು ಆ ಏಳನೇ ಪಾಯಿಂಟ್ ತಂದ. ಸೂಪರ್ ಅಲ್ವಾ?

ವಿದ್ಯಾನಗರದ ಅಕ್ಕ:
ಯಾರ ಸಾವು ದೊಡ್ಡದು ಅಂತ ಅಳೆಯೋದು ನನಗೆ ಹಿಡಿಸುವುದಿಲ್ಲ. ಕಿನ್ನಿಕ್ ಅಪ್ಪನಿಗೂ ಹಿಡಿಸಿರಲಿಲ್ಲ, ನೋಡಿ. ಅಯೋವಾ ಯೂನಿವರ್ಸಿಟಿ ಸ್ಟೇಡಿಯಂಗೆ ಮಗನ ಹೆಸರಿಡುತ್ತೇವೆ ಅಂತ ಬಂದವರಿಗೆ, ಅಷ್ಟೊಂದು ಜನ ಸತ್ತಿರುವಾಗ ಇವನೊಬ್ಬನನ್ನೇ ಎತ್ತಿ ತೋರಿಸೋದು ಬೇಡ ಅಂತ ಒಪ್ಪಲಿಲ್ಲ. ಇನ್ನೊಬ್ಬ ಮಗ ಬೆನ್ ಕೂಡ ಪೈಲಟ್, 1944ರಲ್ಲಿ ಪೆಸಿಫಿಕ್‌ನಲ್ಲಿ ಸತ್ತ. ಕಿನ್ನಿಕ್ ಸ್ಟೇಡಿಯಂ ಅಂತ ಹೆಸರು ಬಂದದ್ದು 1972ರಲ್ಲಿ.

ಪಿ.ಬಿ. ರೋಡ್ ಹುಡುಗ:
ಥ್ಯಾಂಕ್ಸ್ ಅಕ್ಕ, ಮೇಷ್ಟ್ರೇ. ಗೆಳೆಯನಿಗೆ ಎಲ್ಲ ಓದಿ ಹೇಳಿದೆ. ಡೆಕ್ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದ, ಆಮೇಲೆ "ಹಂಗಾದ್ರೆ ಬೆನ್ ಹೆಸರು ಎಲ್ಲಿಟ್ಟರು?" ಅಂದ. ಕ್ವಿಜ್‌ಗೆ ಬೆನ್ ಪ್ರಶ್ನೆಯೂ ಸೇರಿಸುತ್ತಿದ್ದೇನೆ.